ಬೀಗರು ಏರಿದ ದೋಣಿ

ದೋಣಿ ಕಟ್ಟುವುದೇನು ಮಹಾ ವಿದ್ಯೆ? ನಾಲ್ಕು ಹಲಗೆ, ಒಂದು ಡಬ್ಬಿ ಮೊಳೆ, ಮೇಲೊಂದಿಷ್ಟು ಬುದ್ಧಿ! ಹಲಗೆಯೂ ಮೊಳೆಯೂ ಬಜಾರಿನಲ್ಲಿ ಸಿಗುತ್ತವೆ. ಬುದ್ಧಿಯಂತೂ ನನ್ನ ಬಳಿ ಬೇಕಾದಷ್ಟು ದಾಸ್ತಾನಿತ್ತು. ಹಾಗೆಂದು ನಾನು ಘೋಷಿಸಿದ್ದು ಆಗಸ್ಟ್ ತಿಂಗಳಲ್ಲಿ, ತುಂಬಿದ ಪಂಕ್ತಿಯಲ್ಲಿ, ಅದೂ ನನ್ನ ಭಾಮೈದ ಶೆರ್ಗಾಜಿಯ ಎದುರಿಗೆ. ಹೆಂಡತಿಯ ತಮ್ಮನ ಎದುರು ಕೊಚ್ಚಿಕೊಂಡ ಮಾತನ್ನು ಯಾವ ಗಂಡಸು ತಾನೇ ಹಿಂದಕ್ಕೆ ತೆಗೆದುಕೊಂಡಾನು? ನಾನೂ ತೆಗೆದುಕೊಳ್ಳಲಿಲ್ಲ. ಆದದ್ದೆಲ್ಲ ಅದರಿಂದಲೇ ಆಯಿತು.

ನಾನು ಎಸೆನ್‌ಕುಲ್. ಇಸಿಕ್-ಕುಲ್ ಸರೋವರದ ತೆಂಕಣ ದಂಡೆಯ ಹಳ್ಳಿಯವನು. ಅಳತೆ-ತೂಕದ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ಹೋದ ವರ್ಷ ನಿವೃತ್ತನಾದೆ. ಸಾಮಾನ್ಯ ಇನ್ಸ್‌ಪೆಕ್ಟರ್ ಅಲ್ಲ ಸ್ವಾಮಿ! ನನ್ನ ಟೋಪಿ ಬಜಾರಿನ ಮೂಲೆಯಲ್ಲಿ ಕಂಡರೆ ಸಾಕು, ಮಾಂಸದಂಗಡಿಯವರು ತಕ್ಕಡಿಯ ಮೇಲಿಟ್ಟಿದ್ದ ಹೆಬ್ಬೆರಳನ್ನು ತಟ್ಟನೆ ತೆಗೆದು ಬಾಯಿಗಿಟ್ಟುಕೊಳ್ಳುತ್ತಿದ್ದರು. ಒಂದು ಕೂದಲೆಳೆಯಷ್ಟು ಹೆಚ್ಚುಕಮ್ಮಿಯನ್ನೂ ಬಿಟ್ಟವನಲ್ಲ ಎಂಬ ಕೀರ್ತಿ ನನ್ನದು. ಆ ಕೀರ್ತಿ ಬೆಟ್ಟದಾಚೆಯ ನಾರಿನ್ ಸೀಮೆಯವರೆಗೂ ಹಬ್ಬಿದೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಆ ನಾರಿನ್ ಸೀಮೆಯಿಂದಲೇ ನಮಗೆ ಬೀಗರು ಬರುವವರಿದ್ದರು. ನನ್ನ ಒಬ್ಬಳೇ ಮಗಳು ನಾಜಿರಾ, ಪಟ್ಟಣದ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು, ಆ ಸೀಮೆಯ ಹುಡುಗನೊಬ್ಬನನ್ನು ಮೆಚ್ಚಿದ್ದಳು. ಹುಡುಗನೂ ಮೆಚ್ಚಿದ್ದ. ಉಳಿದದ್ದು ಅವನ ತಂದೆತಾಯಿ ಬಂದು ನಮ್ಮ ಮನೆಯನ್ನು ನೋಡುವುದು. ತಾಯಿ ತನ್ನ ಕೈಯಾರೆ ಹುಡುಗಿಯ ಕಿವಿಗೆ ಓಲೆ ಹಾಕಿದರೆ ಸಂಬಂಧ ಗಟ್ಟಿ. ಬರೀ ಚಹಾ ಕುಡಿದು ಎದ್ದರೆ ಮುಗಿಯಿತು. ಆ ಜನ ಹಿಂದೆ ದೊಡ್ಡ ಮಗನಿಗೆಂದು ಒಂದು ಮನೆಗೆ ಹೋದವರು, ಚಹಾ ಕುಡಿದು, ಓಲೆಯ ಪೆಟ್ಟಿಗೆಯನ್ನು ಕಾರಿನಿಂದ ಇಳಿಸದೆಯೇ ವಾಪಸು ಹೋದರಂತೆ. ಇದನ್ನು ಕೇಳಿದ ದಿನದಿಂದ ನನ್ನ ಹೆಂಡತಿ ಕನಿಶಾಯ್‌ಗೆ ಊಟ ಸೇರುತ್ತಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವರು ಬೇಸಿಗೆಯ ಹುಲ್ಲುಗಾವಲಿನಿಂದ ಮಂದೆ ಇಳಿಸಿಕೊಂಡು ಬಂದ ಮೇಲೆ ನಮ್ಮಲ್ಲಿಗೆ ಬರುವುದೆಂದು ಮಾತಾಗಿತ್ತು. ಏನು ಬಡಿಸುವುದು ಎಂಬ ಚರ್ಚೆ ಎದ್ದದ್ದು ಆ ಭಾನುವಾರದ ಪಂಕ್ತಿಯಲ್ಲೇ.

"ಕುರಿ ಮಾಂಸ ಅವರು ದಿನಾ ತಿಂತಾರೆ ಅಕ್ಕ," ಎಂದ ಶೆರ್ಗಾಜಿ. "ಸರೋವರದ ಮೀನು ಬಡಿಸು. ಆದ್ರೆ ನಮ್ಮೂರಲ್ಲಿ ದೋಣಿ ಇರೋರು ಯಾರಿದಾರೆ? ಹುಟ್ಟಿದಾಗಿಂದ ನೀರು ನೋಡ್ತಾ ಕೂತ್ಕೊಳ್ಳೋ ಜನ ನಾವು."

ನಿಜ. ನಮ್ಮವರು ಕುದುರೆ ಬೆನ್ನಿನ ಜನ. ಹಿತ್ತಲಿನ ತುದಿಗೇ ಸಮುದ್ರದಂಥ ಸರೋವರವಿದ್ದರೂ ಅದರಲ್ಲಿ ಕುದುರೆಯ ಮೈ ತೊಳೆಯುವುದು ಬಿಟ್ಟರೆ ಬೇರೆ ವ್ಯವಹಾರ ಇಟ್ಟುಕೊಂಡವರಲ್ಲ.

"ದೋಣಿ ನಾನು ಕಟ್ತೀನಿ," ಎಂದೆ. "ನನ್ನ ದೋಣಿ, ನನ್ನ ಬಲೆ, ನನ್ನ ಮೀನು! ಬೀಗರಿಗೆ ಬಡಿಸೋದು ನಾನು!"

ಶೆರ್ಗಾಜಿ ಬಾಯಲ್ಲಿದ್ದ ಚಹಾವನ್ನು ಪಕ್ಕದವನ ಮೇಲೆ ಉಗುಳಿದ. "ಭಾವ, ಹೋದ ಸಲ ಗೋಡೆಗೆ ಮೊಳೆ ಹೊಡೀತೀನಿ ಅಂತ ಹೋಗಿ ಕರೆಂಟ್ ವಯರಿಗೆ ಹೊಡೆದು ಇಡೀ ಬೀದೀನ ಕತ್ತಲೆ ಮಾಡಿದ್ರಲ್ಲ!"

"ಅದು ವಯರಿನ ತಪ್ಪು!"

ಕನಿಶಾಯ್ ಮಾತ್ರ ನಗಲಿಲ್ಲ. ಬಟ್ಟಲು ಕೆಳಗಿಟ್ಟು, "ರೀ, ನಮ್ಮ ನಾಜಿರಾ ಬಾಳಿನ ವಿಷಯ ಇದು. ನೀವು ಏನಾದ್ರೂ ಮಾಡ್ಕೊಳಿ, ಆದ್ರೆ ಬೀಗರು ಬರೋ ದಿನ ಅಂಗಳದಲ್ಲಿ ಒಂದು ಮರದ ಸಿಪ್ಪೆ ಕಂಡ್ರೂ ನಾನು ನಿಮ್ಮನ್ನ ಸುಮ್ನೆ ಬಿಡಲ್ಲ," ಎಂದಳು. ಅಪ್ಪಣೆ ಸಿಕ್ಕಿತೆಂದೇ ನಾನು ಅರ್ಥ ಮಾಡಿಕೊಂಡೆ.

ಅಂಗಳದಲ್ಲಿ ಸಿಪ್ಪೆ ಬೀಳಬಾರದು. ಸರಿ, ಅಂಗಳದಲ್ಲಿ ಬೇಡ! ಅಂಗಳದ ನಡುವೆ ನಮ್ಮ ಉಣ್ಣೆಗಂಬಳಿಯ ದುಂಡು ಗುಡಾರ ನಿಂತಿತ್ತು. ಬೇಸಿಗೆಯಲ್ಲಿ ಪ್ರವಾಸಿಗರು ಬಂದು ಉಳಿಯುತ್ತಾರೆ, ಬೀಗರನ್ನು ಕೂರಿಸುವುದೂ ಅದರಲ್ಲೇ. ಕನಿಶಾಯ್‌ಳ ತಂದೆ ತಮ್ಮ ಕೈಯಿಂದಲೇ ಮಾಡಿ ಮಗಳ ಮದುವೆಗೆ ಕೊಟ್ಟ ಗುಡಾರ. ಒಳಗೆ ತಂಪು, ಸಮನಾದ ನೆಲ, ಮಳೆಯ ಭಯವಿಲ್ಲ. ಮುಖ್ಯವಾಗಿ, ಹೊರಗಿನಿಂದ ಶೆರ್ಗಾಜಿಗೆ ಏನೂ ಕಾಣುವುದಿಲ್ಲ. ಹಲಗೆಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದೆ. ಒಂದೊಂದಾಗಿ ಹೋದವು, ಸಲೀಸಾಗಿ ಹೋದವು. ಆ ಸಲೀಸೇ ನನಗೆ ಮೋಸ ಮಾಡಿತು.

ಗುರು ಯಾರೆಂದಿರಿ? ಫೋನಿನೊಳಗಿನ ಒಬ್ಬ ಬೋಳುತಲೆಯವನು. ಅವನು ಯಾವ ದೇಶದವನೋ, ಯಾವ ಭಾಷೆ ಆಡುತ್ತಾನೋ ದೇವರಿಗೇ ಗೊತ್ತು. ನಾನು ಅವನ ಕೈಗಳನ್ನು ಮಾತ್ರ ನೋಡುತ್ತಿದ್ದೆ. ಅವನು ಆಗಾಗ ಕೆಲಸ ನಿಲ್ಲಿಸಿ, ಬೆರಳೆತ್ತಿ, ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಏನನ್ನೋ ಹೇಳುತ್ತಿದ್ದ. ಬಹುಶಃ ಸಂಸಾರದ ಕಷ್ಟಸುಖ ಹೇಳಿಕೊಳ್ಳುತ್ತಾನೆ ಎಂದುಕೊಂಡು ಆ ಭಾಗಗಳನ್ನೆಲ್ಲ ಓಡಿಸಿಬಿಟ್ಟೆ.

ಅಡಿಯ ಹಲಗೆ ಸಿದ್ಧವಾಯಿತು. ಇನ್ನು ಪಕ್ಕೆಲುಬುಗಳು. ಬೋಳುತಲೆಯವನು ಕಡ್ಡಿಗಳನ್ನು ಹಬೆಯಲ್ಲಿಟ್ಟು ಬೆಣ್ಣೆಯಂತೆ ಬಗ್ಗಿಸುತ್ತಿದ್ದ. ಹಬೆ ನಮ್ಮ ಮನೆಯಲ್ಲಿಲ್ಲವೇ? ಮಂತಿ ಕಡುಬು ಬೇಯಿಸುವ ಅಂತಸ್ತಿನ ಪಾತ್ರೆಯನ್ನು ಒಲೆಗೇರಿಸಿ, ಕಡುಬಿನ ಜಾಗದಲ್ಲಿ ಪಾಪ್ಲರ್ ಮರದ ಪಟ್ಟಿಗಳನ್ನು ಜೋಡಿಸಿದೆ. ಅರ್ಧ ಒಳಗೆ, ಅರ್ಧ ಹೊರಗೆ. ಕನಿಶಾಯ್ ಮುಚ್ಚಳ ತೆಗೆದಳು.

"ಏನ್ರೀ ಇದು?"

"ಬೇಯ್ತಾ ಇದೆ."

"ಅದು ಕಾಣುತ್ತೆ. ಇದನ್ನ ಯಾರಿಗೆ ಬಡಿಸ್ತೀರಾ?"

ಪಟ್ಟಿಗಳು ಬೆಂದವು, ಬಗ್ಗಲಿಲ್ಲ. ಬಗ್ಗಿಸಲು ಹೋದರೆ ಫಟ್ಟೆಂದು ಮುರಿದವು. ಮುಂದಿನ ವಾರವೆಲ್ಲ ಮನೆಯ ಕಡುಬಿನಲ್ಲಿ ಮರಗೆಲಸದ ಅಂಗಡಿಯ ಪರಿಮಳ! ನಾನು ಹತಾಶನಾಗಿ ಗುಡಾರದ ನೆಲದ ಮೇಲೆ ಅಂಗಾತ ಮಲಗಿದೆ. ಕಣ್ಣು ತಾನಾಗಿ ಮೇಲಕ್ಕೆ ಹೋಯಿತು. ಅಲ್ಲಿ, ನನ್ನ ತಲೆಯ ಮೇಲೆ, ಗುಡಾರದ ನೆತ್ತಿಯಲ್ಲಿ ಹೊಗೆ ಹೋಗಲು ಬಿಟ್ಟ ಮರದ ಚಕ್ರದಿಂದ ಸುತ್ತಲೂ ಇಳಿದ ಬಾಗುಗೋಲುಗಳು! ಕೆಂಪು ಬಣ್ಣ ಬಳಿದ ಒಳ್ಳೆ ವಿಲೋ ಮರ. ಒಂದೊಂದನ್ನೂ ನಮ್ಮ ಮಾವನವರು ಎಷ್ಟು ಚೆಂದವಾಗಿ ಬಗ್ಗಿಸಿದ್ದರೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ದೋಣಿಗೆ ಬೇಕಾದ ಬಾಗು, ಬೇಕಾದಷ್ಟೇ ಬಾಗು! ಇಷ್ಟೊಂದರಲ್ಲಿ ನಾಲ್ಕಾರು ಹೋದರೆ ಯಾರಿಗೆ ತಿಳಿಯುತ್ತದೆ? ಹಿಂಬದಿಯಿಂದ, ಹೊದಿಕೆಯ ಮರೆಯಲ್ಲಿದ್ದವನ್ನು ಮೆಲ್ಲಗೆ ಕಳಚಿದೆ. ಕುಯ್ದು, ಕೂಡಿಸಿ, ಮೊಳೆ ಹೊಡೆದೆ.

ನೆತ್ತಿಯ ಚಕ್ರ ಒಂದು ಕಡೆಗೆ ಕೊಂಚ ವಾಲಿತು. ಕೊಂಚ ಅಷ್ಟೇ. ಆಗಲೇ ಕೆತ್ತಿ ಮುಗಿಸಿದ್ದ ಉದ್ದನೆಯ ಹುಟ್ಟನ್ನು ನೆಟ್ಟಗೆ ನಿಲ್ಲಿಸಿ ಅದಕ್ಕೆ ಊರುಗೋಲು ಕೊಟ್ಟೆ. ದೋಣಿಯ ಹುಟ್ಟು ಮನೆಯನ್ನು ಎತ್ತಿ ಹಿಡಿದಿತ್ತು, ಮನೆಯ ಗೋಲು ದೋಣಿಯನ್ನು ಎತ್ತಿ ಹಿಡಿದಿತ್ತು. ಲೆಕ್ಕ ಸರಿಹೋಯಿತಲ್ಲ!

ಮುಂದಿನದು ಸಂದುಗಳನ್ನು ಮುಚ್ಚುವುದು. ಸಂದುಗಳು ಸಣ್ಣವೇನಲ್ಲ, ಕೆಲವು ಕಡೆ ಬೆಕ್ಕು ಕೈ ಹಾಕಬಹುದಿತ್ತು. ಬೋಳುತಲೆಯವನು ಏನೋ ಕರ್ರಗಿನ ಅಂಟನ್ನು ಬಳಿಯುತ್ತಿದ್ದ. ಅದು ಎಲ್ಲಿ ಸಿಗಬೇಕು? ಆದರೆ ನಮ್ಮ ಕುರುಬರು ಬೂಟಿಗೆ ನೀರು ಇಳಿಯದಿರಲೆಂದು ಕುರಿಬಾಲದ ಕೊಬ್ಬು ಸವರುವುದಿಲ್ಲವೇ? ಬೂಟಿಗಾಗುವುದು ದೋಣಿಗಾಗದೇ? ಉಣ್ಣೆ ತುರುಕಿದೆ, ಮೇಲೆ ಒಂದು ಬಕೆಟ್ ಕೊಬ್ಬು ಕರಗಿಸಿ ಸುರಿದೆ. ದೋಣಿ ಮಿರಮಿರನೆ ಹೊಳೆಯಿತು. ಇಡೀ ಊರಿಗೆ ಹಬ್ಬದ ವಾಸನೆ ಹಬ್ಬಿತು. ಸಂಜೆಯ ಹೊತ್ತಿಗೆ ನಮ್ಮ ಅಕ್ತೋಶ್ ನಾಯಿ ತನ್ನ ಬಂಧುಬಳಗ ಸಮೇತ ಗುಡಾರದ ಸುತ್ತ ಬೀಡುಬಿಟ್ಟಿತ್ತು.

"ದೋಣಿ ಕಟ್ತಿದೀರೋ, ನಾಯಿಗಳಿಗೆ ಔತಣ ಹಾಕ್ತಿದೀರೋ?" ಎಂದಳು ಕನಿಶಾಯ್.

"ನೀನು ನೋಡ್ತಿರು!"

ಸೆಪ್ಟೆಂಬರಿನ ಒಂದು ಶುಕ್ರವಾರ ದೋಣಿ ಪೂರ್ತಿಯಾಯಿತು. ಬೀಗರು ಬರುವುದು ಭಾನುವಾರ. ಶನಿವಾರ ನೀರಿಗಿಳಿಸಿ, ಮೀನು ಹಿಡಿದು, ಭಾನುವಾರ ಬಡಿಸುವುದು: ಯೋಜನೆ ಅಂದರೆ ಹೀಗಿರಬೇಕು! ಶೆರ್ಗಾಜಿಯನ್ನು ಕರೆಸಿದೆ. ಅವನು ಒಳಗೆ ಬಂದು, ದೋಣಿಯನ್ನು ಒಂದು ಸುತ್ತು ಹಾಕಿ, ತುಟಿ ಬಿಗಿಹಿಡಿದು, "ಪರವಾಗಿಲ್ಲ ಭಾವ, ದೋಣಿ ಥರಾನೇ ಇದೆ," ಎಂದ. ನನ್ನ ಎದೆ ಉಬ್ಬಿತು. ಇಬ್ಬರೂ ಸೇರಿ ಎತ್ತಿ ಬಾಗಿಲಿಗೆ ಒಯ್ದೆವು.

ಢಣ್!

ಕೊಂಚ ಓರೆ ಮಾಡಿದೆವು. ಢಣ್! ಮಗ್ಗುಲಾಗಿಸಿದೆವು. ನೀರು ಒಳಗೆ ಬರಬಾರದೆಂದು ಪಕ್ಕಗಳನ್ನು ಸೊಂಟದೆತ್ತರ ಕಟ್ಟಿದ್ದೆ, ಅಡಿಗೆ ಒಂದು ದಪ್ಪ ತೊಲೆಯನ್ನೂ ಬಡಿದಿದ್ದೆ. ಮಗ್ಗುಲಾದರೂ ಢಣ್! ತಲೆಕೆಳಗು, ಮುಂದುಹಿಂದು, ಮೂತಿ ಮೊದಲು, ಬಾಲ ಮೊದಲು. ಢಣ್, ಢಣ್, ಢಣ್!

ಹೊರಗಿನಿಂದ ಕನಿಶಾಯ್‌ಳ ದನಿ ಬಂತು. ಬಹಳ ಮೆತ್ತನೆಯ ದನಿ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೆದರುವುದು ಆ ದನಿಗೆ ಮಾತ್ರ.

"ರೀ, ಬಾಗಿಲು ಅಳೆದಿದ್ರಾ?"

ನಾನು ದೋಣಿಯ ಮೂತಿಯನ್ನು ಇನ್ನೊಮ್ಮೆ ಬಾಗಿಲಿಗೆ ಗುರಿಯಿಟ್ಟೆ. ಢಣ್!

"ಊರಿನ ತಕ್ಕಡಿ ಎಲ್ಲ ಅಳೆದ್ರಿ. ಮಾಂಸದಂಗಡಿಯೋನ ಹೆಬ್ಬೆರಳೂ ಅಳೆದ್ರಿ. ನಿಮ್ಮ ಮನೆ ಬಾಗಿಲು ಅಳೀಲಿಲ್ವಾ?"

ಶೆರ್ಗಾಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತ. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ, ಕಣ್ಣಿನಿಂದ ನೀರು ಮಾತ್ರ ಧಾರಾಕಾರ ಸುರಿಯುತ್ತಿತ್ತು.

ಗುಡಾರವನ್ನೇ ಬಿಚ್ಚಿ ಮತ್ತೆ ಕಟ್ಟಬಹುದಿತ್ತು. ಅದೊಂದು ದೊಡ್ಡ ಮಾತಲ್ಲ, ನಮ್ಮ ಮನೆಗಳು ಇರುವುದೇ ಬಿಚ್ಚಲಿಕ್ಕೆ. ಆದರೆ ಅಷ್ಟರಲ್ಲಿ ಮಳೆ ಶುರುವಾಯಿತು. ಒದ್ದೆಯಾದ ಉಣ್ಣೆಗಂಬಳಿಯನ್ನು ಇಳಿಸುವುದೆಂದರೆ ಸತ್ತ ಎತ್ತನ್ನು ಹೊತ್ತ ಹಾಗೆ. ಹೆಚ್ಚು ಜನರನ್ನು ಕರೆದರೆ ಕಥೆ ಊರಿಗೆಲ್ಲ ಗೊತ್ತಾಗುತ್ತದೆ. ನಾಳೆ ಬಿಸಿಲು ಬಂದ ಮೇಲೆ ಮೂವರೇ ಬಿಚ್ಚೋಣ ಎಂದು ತೀರ್ಮಾನವಾಯಿತು.

ಮರುದಿನ ಬಿಸಿಲು ಬಂತು. ಹಗ್ಗಕ್ಕೆ ಕೈ ಹಾಕಿದೆವು. ಆಗ ನಾಜಿರಾ ಫೋನು ಹಿಡಿದುಕೊಂಡು ಓಡಿಬಂದಳು. ಮುಖ ಬಿಳಿಚಿತ್ತು.

"ಅಪ್ಪ! ಅವರು ಬರ್ತಿದಾರೆ! ಘಾಟಿಯಲ್ಲಿ ಹಿಮ ಬೀಳೋ ಹಾಗಿದೆ ಅಂತ ಒಂದು ದಿನ ಮೊದ್ಲೇ ಹೊರಟ್ರಂತೆ. ಪೆಟ್ರೋಲ್ ಬಂಕ್ ದಾಟಿದಾರೆ!"

ಪೆಟ್ರೋಲ್ ಬಂಕಿನಿಂದ ನಮ್ಮ ಮನೆಗೆ ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತಿನ ದಾರಿ.

"ಬಿಚ್ಚಿ, ಬೇಗ ಬಿಚ್ಚಿ!" ಎಂದೆ.

"ಬೀಗರು ಗೇಟಿಗೆ ಬರೋ ಹೊತ್ತಿಗೆ ಮನೆ ಬಿಚ್ತಾ ನಿಂತಿದ್ರೆ ಏನಂದ್ಕೋತಾರ್ರೀ?" ಕನಿಶಾಯ್ ಹಗ್ಗವನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ನಿಮ್ಮ ಸಂಬಂಧ ಬೇಡ, ನಾವು ಬೇರೆ ಕಡೆ ಹೊರಟ್ವಿ ಅಂತ ಮುಖಕ್ಕೆ ಹೇಳಿದ ಹಾಗೆ! ಬೋರಲು ಹಾಕಿ ಅದನ್ನ! ಹಾಸಿಗೆ ತನ್ನಿ!"

ನನ್ನ ಹೆಂಡತಿ ಸೈನ್ಯದಲ್ಲಿ ಇರಬೇಕಾದವಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ದೋಣಿ ಬಾಗಿಲಿಗೆ ಎದುರಾಗಿ, ಹಿರಿಯ ಅತಿಥಿ ಕೂರುವ ಗೌರವದ ಜಾಗದಲ್ಲಿ, ಬೋರಲಾಗಿ ಮಲಗಿತು. ಮೇಲೆ ಕಸೂತಿಯ ಕಂಬಳಿ, ಅದರ ಮೇಲೆ ಸಾಲುಸಾಲು ಹತ್ತಿ ಹಾಸಿಗೆ, ಎರಡು ಕಡೆ ದಿಂಬು. ಹತ್ತಲಿಕ್ಕೆ ಮದುವೆಯ ಪೆಟ್ಟಿಗೆಯೊಂದು ಮೆಟ್ಟಿಲು. ನಡುವೆ ನಿಂತ ಹುಟ್ಟಿಗೆ ಬಣ್ಣದ ಪಟ್ಟಿ ಸುತ್ತಿ ಅಲಂಕಾರದ ಕಂಬ ಮಾಡಿದಳು. ಪಕ್ಕದಲ್ಲಿ ಒಲೆ ಹೊತ್ತಿಸಿದಳು. ಅದೊಂದೇ ಅವಳು ಮಾಡಿದ ತಪ್ಪು.

ಬೀಗರು ಇಳಿದರು. ಹುಡುಗನ ತಂದೆ ಸುಯುನ್‌ಬಾಯ್ ಕಾರಿನಿಂದ ಇಳಿದಾಗ ಕಾರು ಒಂದು ಗೇಣು ಮೇಲೆದ್ದಿತು. ಅಷ್ಟು ದೊಡ್ಡ ಆಳು! ಬಿಳಿ ಉಣ್ಣೆ ಟೋಪಿ, ಕಪ್ಪು ಮಖಮಲ್ಲಿನ ನಿಲುವಂಗಿ, ಮುಖದ ಮೇಲೆ ಒಂದು ಗೆರೆಯೂ ಅಲುಗುವುದಿಲ್ಲ. ಅವರ ಹೆಂಡತಿ ಬುರುಲ್‌ಕಾನ್ ತೆಳ್ಳಗೆ, ಚುರುಕು ಕಣ್ಣಿನವರು. ಅವರ ಹಿಂದೆ ಅಣ್ಣತಮ್ಮಂದಿರು, ನಾದಿನಿಯರು, ಒಂದು ಹಿಂಡು ಜನ. ಯಾರ ಕೈಯಲ್ಲೂ ಓಲೆಯ ಪೆಟ್ಟಿಗೆ ಕಾಣಲಿಲ್ಲ. ಪೆಟ್ಟಿಗೆ ಕಾರಿನಲ್ಲೇ ಇತ್ತು. ಕನಿಶಾಯ್ ಅದನ್ನು ನೋಡಿದಳು, ನಾನೂ ನೋಡಿದೆ.

"ಮೇಲಕ್ಕೆ ದಯಮಾಡಿಸಿ ಬೀಗರೇ!"

ಸುಯುನ್‌ಬಾಯ್ ಆ ಸಿಂಹಾಸನವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ಎತ್ತರ ಇದೆ," ಎಂದರು.

"ನಿಮ್ಮಂಥವರಿಗೆ ಎತ್ತರದ ಜಾಗಾನೇ ಬೇಕಲ್ವಾ!"

ಹತ್ತಿ ಕೂತರು. ಕೂತ ಜಾಗದಲ್ಲೇ ದೋಣಿಯ ಅಡಿತೊಲೆ. ಬಲಕ್ಕೆ ವಾಲಿದರು, ಎಡಕ್ಕೆ ವಾಲಿದರು, ಕೊನೆಗೆ ಕುದುರೆಯ ಮೇಲೆ ಕೂತಂತೆ ಎರಡು ಕಾಲುಗಳನ್ನೂ ಎರಡು ಕಡೆ ಇಳಿಬಿಟ್ಟರು. ದೊಡ್ಡವರು, ಮರ್ಯಾದಸ್ಥರು, ಏನೂ ಅನ್ನಲಿಲ್ಲ. ನಾಜಿರಾ ತಲೆ ಬಾಗಿಸಿ ಚಹಾ ಕೊಟ್ಟಳು. ಬುರುಲ್‌ಕಾನ್ ಅವಳನ್ನು ನೋಡಿ ನಕ್ಕರು. ನನಗೆ ಜೀವ ಬಂದಂತಾಯಿತು. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೊಕ್, ತರಲು ನಾಜಿರಾ ಹೊರಗೆ ಹೋದಳು. ಎಲ್ಲ ಸುಸೂತ್ರ!

ಒಲೆ ಕಾಯಿತು. ದೋಣಿ ಕಾಯಿತು. ಕೊಬ್ಬು ಕರಗಿತು.

ಮೊದಲು ವಾಸನೆ ಬಂತು. "ಮಾಂಸ ಬೇಯ್ತಾ ಇದೆ," ಎಂದು ಕನಿಶಾಯ್ ಗಡಿಬಿಡಿಯಲ್ಲಿ ಹೇಳಿದಳು. ಆಮೇಲೆ ಸದ್ದು ಬಂತು. ಚಪ್. ಚಪ್ ಚಪ್. ಚಪ್ ಚಪ್ ಚಪ್. ಗುಡಾರದ ಹಿಂಭಾಗದ ಕಂಬಳಿಯನ್ನು ಮೂತಿಯಿಂದ ಎತ್ತಿಕೊಂಡು ಅಕ್ತೋಶ್ ದೋಣಿಯ ಕೆಳಗೆ ನುಸುಳಿತ್ತು. ಒಂಟಿಯಾಗಿ ಅಲ್ಲ.

ಸುಯುನ್‌ಬಾಯ್ ಬಟ್ಟಲನ್ನು ತುಟಿಯ ಹತ್ತಿರವೇ ನಿಲ್ಲಿಸಿ ಕಿವಿಗೊಟ್ಟರು. ಬಹಳ ಗಂಭೀರವಾಗಿ ನನ್ನ ಕಡೆ ಬಾಗಿದರು.

"ಬೀಗರೇ, ನನ್ನ ಕೆಳಗೆ ಯಾರೋ ಊಟ ಮಾಡ್ತಿದಾರೆ."

"ಛೆ ಛೆ! ಅದು... ಅದು ಚಹಾದ ಸಮೋವಾರು ಕುದಿಯೋ ಸದ್ದು!"

"ಸಮೋವಾರು ಅಲ್ಲಿದೆ."

ಅಷ್ಟರಲ್ಲಿ ಕೆಳಗೆ ಹಿಸೆಯ ಜಗಳ ಎದ್ದಿತು. ಗುರ್ರ್! ಕುಂಯ್! ಬೌ! ಸಿಂಹಾಸನ ಒಂದು ಕಡೆ ಎದ್ದಿತು, ಇನ್ನೊಂದು ಕಡೆ ಬಿದ್ದಿತು, ಆಮೇಲೆ ನಿಧಾನವಾಗಿ, ರಾಜಗಾಂಭೀರ್ಯದಿಂದ, ಬೀಗರನ್ನು ಹೊತ್ತು ಬಾಗಿಲಿನ ಕಡೆ ಹೊರಟಿತು. ನನ್ನ ದೋಣಿಯ ಪ್ರಥಮ ಯಾನ! ನೆಲದ ಮೇಲೆ, ಬೋರಲಾಗಿ, ನಾಯಿಗಳ ಬಲದಿಂದ!

"ಹಿಡೀರಿ! ಏನಾದ್ರೂ ಹಿಡ್ಕೊಳಿ!" ಎಂದು ಶೆರ್ಗಾಜಿ ಕೂಗಿದ. ಬೀಗರು ದೋಣಿಯ ಮೇಲೆ ಎದ್ದುನಿಂತು, ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ಅಲಂಕಾರದ ಕಂಬ.

ಕಂಬ ಅವರ ಕೈಗೇ ಬಂತು. ಆಮೇಲೆ ಆಕಾಶ ಬಂತು. ಅಂದರೆ ಮಾಡು ಕೆಳಗಿಳಿಯಿತು, ಕಂಬಳಿಗಳು ನಮ್ಮೆಲ್ಲರ ಮೇಲೆ ಧೊಪ್ಪನೆ ಜೋತುಬಿದ್ದವು, ಕತ್ತಲೆ, ಧೂಳು, ನಾದಿನಿಯರ ಕಿರುಚಾಟ, ನಾಯಿಗಳು, ಏಪ್ರಿಕಾಟ್ ಜಾಮು! ಯಾರದೋ ಗಡ್ಡ ನನ್ನ ಬಾಯಲ್ಲಿತ್ತು.

ಹೊರಗಿನ ಕಥೆಯನ್ನು ನಾಜಿರಾ ಆಮೇಲೆ ಹೇಳಿದಳು. ಅವಳು ಬೋರ್ಸೊಕ್ ತಟ್ಟೆ ಹಿಡಿದು ಬರುತ್ತಿದ್ದಾಳೆ, ಗುಡಾರ ನಿಟ್ಟುಸಿರು ಬಿಟ್ಟು ಕುಗ್ಗಿತು, ನೆತ್ತಿಯ ಚಕ್ರದ ನಡುವಿನಿಂದ ಒಂದು ಬಿಳಿ ಟೋಪಿ ಮೇಲೆದ್ದಿತು. ಟೋಪಿಯ ಕೆಳಗೆ ಅವಳ ಭಾವೀ ಮಾವನ ತಲೆ! ತಲೆ ನಾಲ್ಕೂ ದಿಕ್ಕು ನೋಡಿತು.

"ಇಲ್ಲಿಂದ ಸರೋವರ ಚೆನ್ನಾಗಿ ಕಾಣುತ್ತೆ," ಎಂದಿತು ತಲೆ. "ಮಗಳೇ, ನಿಮ್ಮಪ್ಪ ಎಲ್ಲಿ?"

"ನಿಮ್ಮ ಕಾಲ ಹತ್ತಿರ ಇರಬೇಕು ಮಾವ," ಎಂದಳಂತೆ ನನ್ನ ಮಗಳು.

ಒಳಗೆ ಕತ್ತಲಲ್ಲಿ ಬುರುಲ್‌ಕಾನ್‌ರ ದನಿ ಮೊಳಗಿತು. "ಕೂಗಾಡ್ಬೇಡಿ! ಎಲ್ಲರೂ ಕಂಬಳಿ ಒಳಗಿನ ಮರದ ಜಾಲರಿ ಗೋಡೆ ಹಿಡ್ಕೊಳಿ! ನಮ್ಮ ಹುಲ್ಲುಗಾವಲಲ್ಲಿ ಹೊಳೆ ಬಂದಾಗ ಮನೇನ ಇಡಿಯಾಗಿ ಎತ್ತಿ ಓಡಲ್ವಾ? ಹಂಗೇ! ರೀ, ನೀವು ತಲೆ ಒಳಗೆ ತಗೊಳಿ! ಎತ್ರೋ!"

ಅಷ್ಟು ಜನ ಬೀಗರು ಒಂದೇ ಉಸಿರಿಗೆ ನಮ್ಮ ಗುಡಾರವನ್ನು ಎತ್ತಿ ಗೇಟಿನ ಕಡೆ ನಡೆದುಬಿಟ್ಟರು. ಹೊರಗಿನಿಂದ ನೋಡಿದವರಿಗೆ ಮನೆಗೇ ಕಾಲು ಬಂದು ಹೊರಟಂತೆ ಕಂಡಿರಬೇಕು. ಹಿಂದೆ, ಬಟ್ಟಬಯಲಲ್ಲಿ, ಬಿಸಿಲಲ್ಲಿ ಉಳಿದದ್ದು ಬೋರಲು ದೋಣಿ, ಅದರ ಮೇಲೆ ಹುಟ್ಟು ಹಿಡಿದು ನಿಂತ ಸುಯುನ್‌ಬಾಯ್, ಸುತ್ತಲೂ ತುಟಿ ನೆಕ್ಕುವ ನಾಯಿಗಳು, ಮತ್ತು ನಾನು.

ಆ ಗಳಿಗೆಯಲ್ಲೂ ನನ್ನ ಬಾಯಿ ಸುಮ್ಮನಿರಬೇಕಲ್ಲ! "ನೋಡ್ದೇನೇ, ದೋಣಿ ಹೊರಗೆ ಬಂತು!" ಎಂದು ಕೂಗಿದೆ.

ಕನಿಶಾಯ್ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಬೀಗರು ಕೆಳಗಿಳಿದರು. ಮಖಮಲ್ಲಿನ ನಿಲುವಂಗಿಯ ಹಿಂಭಾಗದಲ್ಲಿ, ಕೂತ ಜಾಗದಲ್ಲಿ, ಎರಡು ದೊಡ್ಡ ಕೊಬ್ಬಿನ ಚಂದ್ರರು ಮೂಡಿದ್ದರು. ಒಂದು ನಾಯಿ ಅದನ್ನೂ ನೆಕ್ಕಲು ಬಂತು, ಶೆರ್ಗಾಜಿ ಓಡಿಸಿದ. ಹಾಸಿಗೆಗಳೆಲ್ಲ ಜಾರಿದ್ದವು, ದೋಣಿ ಬಟ್ಟಬತ್ತಲೆ ಕಾಣುತ್ತಿತ್ತು. ಇನ್ನು ಮುಚ್ಚಿಡುವುದೇನು? ಎಲ್ಲ ಹೇಳಿಬಿಟ್ಟೆ. ಮೀನಿನ ಆಸೆ, ಕಡುಬಿನ ಪಾತ್ರೆ, ಮಾವನವರ ಬಾಗುಗೋಲು, ಕುರಿಬಾಲ, ಎಲ್ಲ. ಬಾಗುಗೋಲಿನ ಮಾತು ಬಂದಾಗ ಕನಿಶಾಯ್ ಎದೆಗೆ ಕೈಯಿಟ್ಟುಕೊಂಡಳು. ಅದು ಅವಳಿಗೂ ಹೊಸ ಸುದ್ದಿ.

"ನೀವು ಅಳತೆ ಇಲಾಖೆಯ ಎಸೆನ್‌ಕುಲ್ ಅಲ್ವಾ?" ಎಂದರು ಸುಯುನ್‌ಬಾಯ್.

"ಹೌದು."

"ಬಾಗಿಲು ಅಳೀಲಿಲ್ವಾ?"

"ಇಲ್ಲ."

ಅವರು ದೋಣಿಯನ್ನು ಒಮ್ಮೆ ಕಾಲಿಂದ ತಟ್ಟಿದರು. "ತೇಲುತ್ತಾ?"

ಮಾನ ಹೇಗಿದ್ದರೂ ಹೋಗಿತ್ತು, ಅದರ ಬಾಲವಾದರೂ ಉಳಿಯಲಿ! "ತೇಲದೇ ಏನು!" ಎಂದೆ. ಬೀಗರ ಅಣ್ಣತಮ್ಮಂದಿರು ದೋಣಿಯನ್ನು ಹೆಗಲಿಗೇರಿಸಿ ಹಿತ್ತಲಿನ ದಾರಿಯಲ್ಲಿ ಸರೋವರಕ್ಕೆ ಒಯ್ದರು. ನೀರಿಗಿಟ್ಟರು. ನಾನು ಹತ್ತಿದೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಹುಟ್ಟು, ದೃಷ್ಟಿ ಆಚೆ ದಡದ ಹಿಮಶಿಖರಗಳ ಮೇಲೆ! ತೇಲಿತು! ಆಣೆಗೂ ತೇಲಿತು!

ಆದರೆ ಸಂದಿನ ಕೊಬ್ಬು ನಾಯಿಗಳ ಹೊಟ್ಟೆಯಲ್ಲಿತ್ತಲ್ಲ. ನಾನು ನಿಂತ ಭಂಗಿಯಲ್ಲೇ, ನೆಟ್ಟಗೆ, ಒಂದಿಷ್ಟೂ ಓಲಾಡದೆ, ಕೆಳಕ್ಕೆ ಹೋದೆ. ಪಾದ, ಮೊಣಕಾಲು, ಸೊಂಟ. ನೀರು ಸೊಂಟಕ್ಕೆ ಬಂದಾಗ ದೋಣಿಗೆ ನೆಲ ಸಿಕ್ಕಿತು. ತಣ್ಣನೆಯ ನೀರಿನಲ್ಲಿ ಹುಟ್ಟು ಹಿಡಿದು ನಿಂತೇ ಇದ್ದೆ. ದಡದ ಮೇಲೆ ಅಷ್ಟು ಜನ. ಸುಯುನ್‌ಬಾಯ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅವರು ಹೆಂಡತಿಯ ಕಡೆ ನೋಡಿದರು. ಬುರುಲ್‌ಕಾನ್ ಗಂಡನ ಕಿವಿಯಲ್ಲಿ ಏನೋ ಹೇಳಿದರು. ಅವರು ತಲೆಯಾಡಿಸಿದರು. ಇಬ್ಬರೂ ತಿರುಗಿ ಕಾರಿನ ಕಡೆ ನಡೆದರು.

ಮುಗಿಯಿತು. ಚಹಾ ಕುಡಿದಿದ್ದರು, ಎದ್ದಿದ್ದರು. ನಾಜಿರಾ ಕಲ್ಲಿನಂತೆ ನಿಂತಿದ್ದಳು, ಕೈಯಲ್ಲಿ ಬೋರ್ಸೊಕ್ ತಟ್ಟೆ ಹಾಗೇ ಇತ್ತು. ಕನಿಶಾಯ್ ತಲೆಯ ವಸ್ತ್ರದ ತುದಿಯಲ್ಲಿ ಮುಖ ಮುಚ್ಚಿಕೊಂಡಳು. ನನಗೆ ನೀರಿನಿಂದ ಮೇಲೆ ಬರುವ ಧೈರ್ಯವಾಗಲಿಲ್ಲ. ಒಂದು ದೋಣಿಗೋಸ್ಕರ, ಒಂದು ಬಾಯಿಬಡಾಯಿಗೋಸ್ಕರ ಮಗಳ ಬಾಳನ್ನೇ ಮುಳುಗಿಸಿದೆನಲ್ಲ! ಅಳು ಬಂತು. ಹೌದು, ಇನ್ಸ್‌ಪೆಕ್ಟರ್ ಎಸೆನ್‌ಕುಲ್ ಸೊಂಟದ ನೀರಿನಲ್ಲಿ ನಿಂತು ಅತ್ತ.

ಕಾರಿನ ಬಾಗಿಲು ತೆರೆದ ಸದ್ದಾಯಿತು. ಮುಚ್ಚಿದ ಸದ್ದಾಯಿತು. ಎಂಜಿನ್ ಸದ್ದಿಗೆ ಕಾದೆ. ಅದು ಬರಲಿಲ್ಲ. ಬುರುಲ್‌ಕಾನ್ ಹಿತ್ತಲಿನ ದಾರಿಯಲ್ಲಿ ವಾಪಸು ಬರುತ್ತಿದ್ದರು. ಕೈಯಲ್ಲಿ ಕೆಂಪು ಬಟ್ಟೆ ಸುತ್ತಿದ ಪೆಟ್ಟಿಗೆ. ನೇರ ನಾಜಿರಾ ಹತ್ತಿರ ಬಂದು, ಅವಳ ಕೈಯಿಂದ ತಟ್ಟೆ ಇಳಿಸಿ, ಕೂದಲು ಸರಿಸಿ, ಒಂದು ಕಿವಿಗೆ ಬೆಳ್ಳಿ ಓಲೆ ಹಾಕಿದರು. ಇನ್ನೊಂದು ಕಿವಿಗೂ ಹಾಕಿದರು. ಹಣೆಗೆ ಮುತ್ತಿಟ್ಟರು.

ನಾನು ನೀರಿನಿಂದ ಓಡಿಬಂದೆ. "ಬೀಗಿತ್ತಿಯವರೇ! ಇಷ್ಟೆಲ್ಲ ನೋಡಿದ ಮೇಲೂ..."

"ನೋಡಿದ್ದಕ್ಕೇ ಹಾಕಿದ್ದು!" ಬುರುಲ್‌ಕಾನ್ ಎದೆ ಮುಟ್ಟಿಕೊಂಡರು. "ಹುಡುಗಿ ಡಾಕ್ಟರು, ಅವಳಪ್ಪ ಅಳತೆ ಇಲಾಖೆ ಸಾಹೇಬರು, ಕೂದಲೆಳೆ ತಪ್ಪಿದ್ರೂ ಹಿಡಿಯೋ ಆಸಾಮಿ ಅಂತ ನಮ್ಮ ಕಡೆ ಎಲ್ಲ ಹೇಳ್ತಿದ್ರು. ನಮಗೆ ಎಷ್ಟು ದಿನದಿಂದ ನಿದ್ದೆ ಇಲ್ಲ ಗೊತ್ತಾ? ನಾವು ಕುರಿ ಕಾಯೋ ಜನ, ಅಂಥ ಬುದ್ಧಿವಂತರ ಮುಂದೆ ಕೈಕಾಲು ಎಲ್ಲಿಡೋದು, ಮಾತು ಹೆಂಗಾಡೋದು ಅಂತ ಹೆದರಿಕೊಂಡೇ ಬಂದ್ವಿ. ಚಹಾ ಕುಡಿದು ಎದ್ದುಬಿಡೋಣ ಅಂತಾನೇ ಇದ್ವಿ."

ಸುಯುನ್‌ಬಾಯ್ ಹಿಂದಿನಿಂದ ಬಂದು ನನ್ನ ಒದ್ದೆ ಹೆಗಲ ಮೇಲೆ ಕೈಯಿಟ್ಟರು. ಆ ದೊಡ್ಡ ಮುಖದಲ್ಲಿ ಮೊದಲ ಸಲ ಒಂದು ಗೆರೆ ಅಲುಗಿತು, ಆಮೇಲೆ ಎಲ್ಲ ಗೆರೆಗಳೂ ಅಲುಗಿದವು, ಆಮೇಲೆ ಹೊಟ್ಟೆಯೂ ಅಲುಗಿತು. "ಬೀಗರೇ, ಈಗ ಸಮಾಧಾನ ಆಯ್ತು," ಎಂದರು ನಗು ತಡೆಯಲಾಗದೆ. "ನಿಮಗಿಂತ ನಾವೇ ಎಷ್ಟೋ ವಾಸಿ!"

ದಡವೆಲ್ಲ ನಕ್ಕಿತು. ನಾಜಿರಾ ಅಳುತ್ತಳುತ್ತಲೇ ನಕ್ಕಳು. ಕನಿಶಾಯ್ ವಸ್ತ್ರದಿಂದ ಕಣ್ಣೊರೆಸಿಕೊಂಡು, ಬುರುಲ್‌ಕಾನ್‌ರನ್ನು ತಬ್ಬಿಕೊಂಡು, ಊರಿಗೆಲ್ಲ ಕೇಳುವಂತೆ ಹೇಳಿದಳು:

"ಅಯ್ಯೋ ದೇವರೇ! ಇವರ ದಡ್ಡತನ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಗೊತ್ತಿದ್ದಿದ್ರೆ, ನಾನು ಮದುವೆ ಆದಾಗಿಂದ ಅದನ್ನ ಬಚ್ಚಿಡ್ತಾನೇ ಇರ್ಲಿಲ್ಲ!"